ಆಫ್ರಿಕಾದ ಕಲಾವಿದೆಯರು ಮತ್ತು ಸಾಕ್ಷ್ಯಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಕ್ಷ್ಯಚಿತ್ರಗಳ ಬಗ್ಗೆ ಮಾತುಕತೆ ನಡೆದಾಗ, ಓದುಗರ ಪತ್ರಗಳಲ್ಲಿ, ಕಮೆಂಟುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಲಾವಿದೆಯ ಬಗ್ಗೆ ಸಿನಿಮಾ ಅಂದಮೇಲೆ ಅದರಲ್ಲಿ ಆಕೆಯ ಕೆಲಸ ಕಣ್ತುಂಬ ಕಾಣಬೇಕು, ಕಿವಿತುಂಬ ಕೇಳಬೇಕು. ಕೆಳಗಿನ ಉತ್ತರಗಳೆಲ್ಲ ಆ ಕಡೆಯಿಂದಲೇ ಬಂದಿವೆ.

ಮೊದಲ ಪ್ರಶ್ನೆಗಳು

“ಆಫ್ರಿಕಾದಲ್ಲಿ 54 ದೇಶ ಇದೆ. ಎಲ್ಲರನ್ನೂ ‘ಆಫ್ರಿಕಾದ ಕಲಾವಿದೆಯರು’ ಅಂತ ಒಂದೇ ಗುಂಪಿಗೆ ಸೇರಿಸೋದು ಸರೀನಾ?”

ಪೂರ್ತಿ ಸರಿಯಲ್ಲ. ಕೈರೋದ ಗಾಯಕಿಗೂ ಜೊಹಾನ್ಸ್‌ಬರ್ಗ್‌ನ ಗಾಯಕಿಗೂ ಭಾಷೆ, ರಾಗ, ಧರ್ಮ, ರಾಜಕೀಯ ಯಾವುದೂ ಒಂದಲ್ಲ. ಆದರೆ ಒಂದು ತೊಂದರೆ ಮಾತ್ರ ಇವರೆಲ್ಲರಿಗೂ ಇದೆ. ಇವರ ಬಗ್ಗೆ ಸಿನಿಮಾ ಮಾಡುವ ಹಣ, ಅದನ್ನು ಹಂಚುವ ಕಂಪನಿಗಳು, ಹಳೆಯ ಫೂಟೇಜ್ ಬಹುಪಾಲು ಯುರೋಪಿನಲ್ಲೋ ಅಮೆರಿಕದಲ್ಲೋ ಇವೆ. ಆ ಒಂದು ಕಾರಣಕ್ಕೆ ಒಟ್ಟಿಗೆ ಮಾತಾಡುವುದು ಉಪಯೋಗ. ಉಳಿದಂತೆ ಪ್ರತಿ ಸಲ ದೇಶ, ಊರು, ಕಾಲ ಹೇಳುವುದೇ ಒಳ್ಳೆಯದು.

“ಇಂಥ ಒಂದು ಸಿನಿಮಾನೂ ನೋಡಿಲ್ಲ. ಎಲ್ಲಿಂದ ಶುರು ಮಾಡ್ಲಿ?”

ಓದುವ ಅಭ್ಯಾಸ ಇದ್ದರೆ ‘ದಿ ಆರ್ಟ್ ಆಫ್ ಅಮಾ ಅಟಾ ಐಡೂ’ ನೋಡಿ. 2014ರ ಸಿನಿಮಾ. ಐಡೂ ಘಾನಾದ ನಾಟಕಕಾರ್ತಿ, ಕಥೆಗಾರ್ತಿ. 1980ರ ದಶಕದ ಶುರುವಿನಲ್ಲಿ ಸ್ವಲ್ಪ ಕಾಲ ಆ ದೇಶದ ಶಿಕ್ಷಣ ಸಚಿವೆಯೂ ಆಗಿದ್ದರು. 2023ರಲ್ಲಿ ತೀರಿಕೊಂಡರು. ಸಿನಿಮಾ ಮಾಡಿದ ಯಾಬಾ ಬಾಡೋ ಕೂಡ ಘಾನಾ ಮೂಲದ ಲೇಖಕಿ. ಕ್ಯಾಮೆರಾ ಸುಮಾರು ಒಂದು ವರ್ಷ ಐಡೂ ಜೊತೆ ಓಡಾಡುತ್ತದೆ. ಅವರ ಹಿರಿಯರ ಹಳ್ಳಿಗೆ ಹೋಗುತ್ತದೆ. ಆಕ್ರಾದಲ್ಲಿ ಅವರ ಹೊಸ ಕಥಾಸಂಕಲನದ ಬಿಡುಗಡೆಗೆ ಹೋಗುತ್ತದೆ. ಆಮೇಲೆ ಅಮೆರಿಕದ ಸಾಂಟಾ ಬಾರ್ಬರಾದ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಅವರ ‘ಅನೋವಾ’ ನಾಟಕ ರಂಗಕ್ಕೆ ಬರುತ್ತಿರುತ್ತದೆ. ತನ್ನ ಗಂಡನನ್ನು ತಾನೇ ಆರಿಸಿಕೊಂಡು, ಆಮೇಲೆ ಅವನು ಗುಲಾಮರನ್ನು ಕೊಳ್ಳುವುದನ್ನು ಒಪ್ಪದೆ ನಿಲ್ಲುವ ಹುಡುಗಿಯ ಕಥೆ ಅದು.

ಇದನ್ನೇ ಮೊದಲು ಹೇಳಲು ಕಾರಣವಿದೆ. ಒಬ್ಬ ಹಿರಿಯ ಹೆಂಗಸು ತನ್ನ ಬರಹದ ಬಗ್ಗೆ ಯೋಚಿಸುವುದನ್ನು, ಆ ಬರಹ ಬೇರೆಯವರ ಬಾಯಲ್ಲಿ ರಂಗದ ಮೇಲೆ ಜೀವ ಪಡೆಯುವುದನ್ನು ಇಲ್ಲಿ ನೋಡಬಹುದು. ಆಫ್ರಿಕಾದ ಹೆಂಗಸು ತೆರೆಗೆ ಬಂದರೆ ಸಾಮಾನ್ಯವಾಗಿ ಯಾವುದಾದರೂ ‘ಸಮಸ್ಯೆ’ಯ ಬಗ್ಗೆ ಹೇಳಲು ಬರುತ್ತಾಳೆ. ಇಲ್ಲಿ ಸಾಹಿತ್ಯದ ಬಗ್ಗೆ ಮಾತಾಡಲು ಬಂದಿದ್ದಾಳೆ.

ಸಂಗೀತ ಇಷ್ಟವಾದರೆ 1996ರ ‘ಉಮ್ ಕುಲ್ಸೂಮ್: ಎ ವಾಯ್ಸ್ ಲೈಕ್ ಈಜಿಪ್ಟ್’. ಮಾಡಿದವರು ಅಮೆರಿಕದ ಮಿಖಾಲ್ ಗೋಲ್ಡ್‌ಮನ್. ಹಿನ್ನೆಲೆ ಧ್ವನಿ ನಟ ಓಮರ್ ಶರೀಫ್ ಅವರದು. ನೈಲ್ ನದಿಯ ಮುಖಜ ಭೂಮಿಯ ಒಂದು ಹಳ್ಳಿ, ಅಲ್ಲಿ ಗಂಡುಹುಡುಗನ ಬಟ್ಟೆ ಹಾಕಿಕೊಂಡು ಅಪ್ಪನ ಜೊತೆ ಹಾಡುತ್ತಿದ್ದ ಹುಡುಗಿ. ಆ ಹುಡುಗಿಯೇ ಉಮ್ ಕುಲ್ಸೂಮ್. ಅವಳು ಬೆಳೆದು ತಿಂಗಳ ಮೊದಲ ಗುರುವಾರದ ರಾತ್ರಿ ಇಡೀ ಅರಬ್ ಜಗತ್ತನ್ನು ರೇಡಿಯೊ ಮುಂದೆ ಕೂರಿಸಿದಳು.

“ಎಲ್ಲಿ ಸಿಗುತ್ತೆ ಇವೆಲ್ಲ?”

ದೊಡ್ಡ ಓಟಿಟಿಗಳಲ್ಲಿ ಕಮ್ಮಿ. ನಮಗೆ ಹತ್ತಿರದ ಒಳ್ಳೆಯ ಜಾಗ ಅಂದರೆ ತಿರುವನಂತಪುರದಲ್ಲಿ ನಡೆಯುವ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಅಂತರರಾಷ್ಟ್ರೀಯ ಉತ್ಸವ. ಕೇರಳದ ಇನ್ನೊಂದು ದೊಡ್ಡ ಚಿತ್ರೋತ್ಸವ ಐಎಫ್‌ಎಫ್‌ಕೆ ಕೂಡ ಆಫ್ರಿಕಾದ ಸಿನಿಮಾಗಳಿಗೆ ಜಾಗ ಕೊಡುತ್ತದೆ. 2023ರಲ್ಲಿ ಕೀನ್ಯಾದ ನಿರ್ದೇಶಕಿ ವನೂರಿ ಕಹಿಯು ಅವರಿಗೆ ‘ಸ್ಪಿರಿಟ್ ಆಫ್ ಸಿನಿಮಾ’ ಪ್ರಶಸ್ತಿ ಕೊಟ್ಟಿತು. ಕಾಲೇಜಿನಲ್ಲಿ ತೋರಿಸಬೇಕು ಅಂತಿದ್ದರೆ ಹಂಚಿಕೆದಾರರಿಗೆ ನೇರವಾಗಿ ಬರೆಯಿರಿ. ನ್ಯೂಯಾರ್ಕಿನ ‘ವಿಮೆನ್ ಮೇಕ್ ಮೂವೀಸ್’ 1972ರಿಂದ ಹೆಂಗಸರು ಮಾಡಿದ ಸಿನಿಮಾಗಳನ್ನು ಹಂಚುತ್ತಿರುವ ಸಂಸ್ಥೆ. ಕದ್ದ ಕಾಪಿ ಹಾಕಬೇಡಿ. ಈ ಸಿನಿಮಾಗಳಿಗೆ ಬರುವ ದುಡ್ಡೇ ಕಮ್ಮಿ.

“ಕ್ಯಾಮೆರಾ ಹಿಡಿದ ಮೊದಲ ಹೆಂಗಸರು ಯಾರು? ಅಷ್ಟು ತಡ ಯಾಕಾಯ್ತು?”

ತಡಕ್ಕೆ ಒಂದು ಕಾರಣ ಕಾನೂನು. 1934ರಲ್ಲಿ ಫ್ರಾನ್ಸ್ ಲಾವಾಲ್ ಆದೇಶ ತಂದಿತು. ಫ್ರೆಂಚರ ಆಫ್ರಿಕನ್ ವಸಾಹತುಗಳಲ್ಲಿ ಯಾರೇ ಸಿನಿಮಾ ತೆಗೆಯಬೇಕಾದರೂ ಸರ್ಕಾರದ ಅನುಮತಿ ಬೇಕು ಅಂತಾಯಿತು. ಅಲ್ಲಿನವರಿಗೆ ಆ ಅನುಮತಿ ಸಿಗುವುದು ಕಷ್ಟವಿತ್ತು. ಅದಕ್ಕೇ 1955ರಲ್ಲಿ ಪಶ್ಚಿಮ ಆಫ್ರಿಕಾದ ಪಾಲಿನ್ ವಿಯೆರಾ ಮತ್ತು ಗೆಳೆಯರು ತಮ್ಮ ಸಿನಿಮಾವನ್ನು ಪ್ಯಾರಿಸ್‌ನಲ್ಲೇ ತೆಗೆದರು. ಗಂಡಸರಿಗೇ ಹೀಗಿದ್ದಾಗ ಹೆಂಗಸರ ಸರದಿ ಇನ್ನೂ ಹಿಂದೆ ಬಿತ್ತು.

ಕ್ಯಾಮೆರೂನಿನ ಪತ್ರಕರ್ತೆ ತೆರೇಸ್ ಸೀತಾ-ಬೆಲ್ಲಾ 1963ರಲ್ಲಿ ‘ತಾಮ್-ತಾಮ್ ಆ ಪಾರೀ’ ಮಾಡಿದರು. ಪ್ಯಾರಿಸ್‌ಗೆ ಬಂದ ತಮ್ಮ ದೇಶದ ನೃತ್ಯ ತಂಡದ ಬಗ್ಗೆ ಸುಮಾರು ಅರ್ಧ ಗಂಟೆಯ ಸಾಕ್ಷ್ಯಚಿತ್ರ. ಸಹಾರಾದ ದಕ್ಷಿಣದ ಆಫ್ರಿಕಾದ ಹೆಂಗಸೊಬ್ಬರು ಮಾಡಿದ ಮೊದಲ ಸಿನಿಮಾ ಅಂತ ಅದನ್ನು ಸಾಮಾನ್ಯವಾಗಿ ಹೇಳುತ್ತಾರೆ. ಮೊದಲ ಸಿನಿಮಾದ ವಿಷಯವೇ ಕಲಾವಿದರು ಅನ್ನುವುದು ನನಗೆ ತುಂಬ ಖುಷಿ ಕೊಡುತ್ತದೆ.

ಸೆನೆಗಲ್‌ನ ಸಫೀ ಫಾಯ್ ಡಾಕರ್‌ನಲ್ಲಿ ಶಾಲಾ ಟೀಚರ್ ಆಗಿದ್ದರು. 1966ರ ಡಾಕರ್ ಕಲಾ ಉತ್ಸವದಲ್ಲಿ ಫ್ರೆಂಚ್ ನಿರ್ದೇಶಕ ಜಾನ್ ರೂಶ್ ಪರಿಚಯವಾಯಿತು. ಆಮೇಲೆ ಪ್ಯಾರಿಸ್‌ನಲ್ಲಿ ಜನಾಂಗಶಾಸ್ತ್ರವನ್ನೂ ಸಿನಿಮಾವನ್ನೂ ಓದಿದರು. 1975ರ ‘ಕದ್ದು ಬೇಕತ್’ ಅವರಿಗೆ ಹೆಸರು ತಂದಿತು. ತನ್ನ ಹಳ್ಳಿಯ ರೈತರು ಶೇಂಗಾ ಒಂದನ್ನೇ ಬೆಳೆದು ಬೆಳೆದು ಹೇಗೆ ಸೋತರು ಅನ್ನುವುದನ್ನು ತೋರಿಸಿದ ಸಿನಿಮಾ ಅದು. ಸೆನೆಗಲ್‌ನಲ್ಲೇ ಅದಕ್ಕೆ ನಿಷೇಧ ಬಿತ್ತು, ಬರ್ಲಿನ್‌ನಲ್ಲಿ ಬಹುಮಾನ ಬಂತು.

ಈಜಿಪ್ಟಿನ ಅತಿಯ್ಯಾತ್ ಅಲ್-ಅಬ್ನೂದಿ 1972ರಲ್ಲಿ ಕೈರೋದ ಬೀದಿ ಆಟಗಾರರ ಬಗ್ಗೆ ಒಂದು ಪುಟ್ಟ ಸಿನಿಮಾ ಮಾಡಿದರು. ‘ಸ್ಯಾಡ್ ಸಾಂಗ್ ಆಫ್ ತೂಹಾ’ ಅದರ ಇಂಗ್ಲಿಷ್ ಹೆಸರು. ಬೀದಿಯಲ್ಲಿ ಬೆಂಕಿ ಉಗುಳುವವರನ್ನೂ ಲಾಗ ಹಾಕುವ ಮಕ್ಕಳನ್ನೂ ಕಲಾವಿದರು ಅಂತಲೇ ನೋಡಿದ ಕಣ್ಣು ಅವರದು.

ನೋಡುವಾಗ ಏಳುವ ಪ್ರಶ್ನೆಗಳು

“ಯಾವಾಗ ನೋಡಿದ್ರೂ ಬಡತನ, ಯುದ್ಧ, ಕಣ್ಣೀರು. ಇವರು ಹಾಡೋದು ಯಾವಾಗ?”

ನನ್ನ ದೊಡ್ಡ ದೂರೂ ಇದೇ. ಆದರೆ ಎಲ್ಲ ಕಣ್ಣೀರೂ ಒಂದೇ ಅಲ್ಲ, ಸ್ವಲ್ಪ ಬಿಡಿಸಿ ನೋಡಬೇಕು.

2012ರಲ್ಲಿ ಉತ್ತರ ಮಾಲಿಯನ್ನು ಜಿಹಾದಿ ಗುಂಪುಗಳು ಹಿಡಿದುಕೊಂಡವು. ಟಿಂಬಕ್ಟು, ಗಾವೊ, ಕಿದಾಲ್ ಎಲ್ಲ ಅವರ ಕೈಗೆ ಹೋದವು. ಸಂಗೀತವನ್ನೇ ನಿಷೇಧಿಸಿದರು. ಮಾಲಿಯಂಥ ದೇಶದಲ್ಲಿ ಹೀಗಾಯಿತು ಅಂದರೆ ಏನರ್ಥ ಅಂತ ಯೋಚಿಸಿ. ಅಲ್ಲಿ ಮದುವೆ, ನಾಮಕರಣ, ವಂಶದ ಇತಿಹಾಸ ಎಲ್ಲವೂ ಹಾಡಿನಲ್ಲೇ ನಡೆಯುತ್ತವೆ. 2015ರ ‘ದೇ ವಿಲ್ ಹ್ಯಾವ್ ಟು ಕಿಲ್ ಅಸ್ ಫಸ್ಟ್’ ಈ ಕಾಲದ ಕಥೆ. ಟಿಂಬಕ್ಟು ಕಡೆಯ ದೊಡ್ಡ ಗಾಯಕಿ ಖೈರಾ ಆರ್ಬಿ ಮತ್ತು ‘ಡಿಸ್ಕೊ’ ಅಂತ ಕರೆಯಿಸಿಕೊಳ್ಳುವ ಗಾಯಕಿ ಫದಿಮಾತಾ ಅದರಲ್ಲಿದ್ದಾರೆ. ಊರು ಬಿಟ್ಟು ಹೋದವರು ಕೊನೆಗೆ ಟಿಂಬಕ್ಟುವಿನಲ್ಲೇ ಮತ್ತೆ ಬಹಿರಂಗವಾಗಿ ಹಾಡುವ ಹಟ ಹಿಡಿಯುತ್ತಾರೆ. ಇಲ್ಲಿ ಕಷ್ಟ ಬಂದಿದ್ದೇ ಹಾಡಿಗೆ. ಹಾಗಾಗಿ ಕಷ್ಟ ತೋರಿಸುವುದೂ ಕಲೆ ತೋರಿಸುವುದೂ ಬೇರೆ ಬೇರೆ ಆಗುವುದಿಲ್ಲ.

ಇನ್ನೊಂದು ಉದಾಹರಣೆ ರುವಾಂಡಾದ್ದು. 2012ರ ‘ಸ್ವೀಟ್ ಡ್ರೀಮ್ಸ್’ನಲ್ಲಿ ‘ಇಂಗೋಮಾ ನ್ಶ್ಯ’ ಎಂಬ ಹೆಂಗಸರ ಡ್ರಮ್ ತಂಡವಿದೆ. ಆ ದೇಶದಲ್ಲಿ ಹಿಂದಿನಿಂದಲೂ ಡ್ರಮ್ ಗಂಡಸರ ಸೊತ್ತು, ಹೆಂಗಸರು ಮುಟ್ಟುವಂತಿರಲಿಲ್ಲ. ನಾಟಕದ ಕೆಲಸ ಮಾಡುವ ಒಡಿಲ್ ಕಿಕಿ ಕಟೆಸೆ ಈ ತಂಡ ಕಟ್ಟಿದರು. 1994ರ ನರಮೇಧದಲ್ಲಿ ಎರಡೂ ಕಡೆ ಇದ್ದ ಕುಟುಂಬಗಳ ಹೆಂಗಸರು ಒಟ್ಟಿಗೆ ಬಾರಿಸುತ್ತಾರೆ. ಸಿನಿಮಾದ ಇನ್ನೊಂದು ಎಳೆ ಅವರು ತೆರೆಯುವ ಐಸ್‌ಕ್ರೀಂ ಅಂಗಡಿ. ಮನಸ್ಸಿಗೆ ಹತ್ತಿರವಾಗುವ ಸಿನಿಮಾ, ಖಂಡಿತ ನೋಡಿ. ಆದರೆ ನನಗೆ ಡ್ರಮ್ ಬಗ್ಗೆ ಇನ್ನೂ ಜಾಸ್ತಿ ಬೇಕಿತ್ತು. ಯಾವ ಲಯ ಕಷ್ಟ? ಗಂಡಸರ ಬಾರಿಸುವಿಕೆಗಿಂತ ಇವರದು ಹೇಗೆ ಬೇರೆ? ಗಾಯ ಮಾಯುವ ಕಥೆ ಹೇಳುವ ಆತುರದಲ್ಲಿ ಇಂಥ ಪ್ರಶ್ನೆಗಳು ಹಿಂದೆ ಬಿದ್ದವು.

ನೋಡುವಾಗ ಒಂದು ಸಣ್ಣ ಕೆಲಸ ಮಾಡಿ. ಒಂದು ಹಾಡು ಶುರುವಾಗಿ ಮುಗಿಯುವ ತನಕ, ನಡುವೆ ಯಾರೂ ಬಾಯಿ ಹಾಕದೆ, ಒಂದೇ ಒಂದು ಸಲವಾದರೂ ತೋರಿಸಿದ್ದಾರಾ ಅಂತ ಗಮನಿಸಿ. ಎಷ್ಟೋ ಸಿನಿಮಾಗಳಲ್ಲಿ ಇಪ್ಪತ್ತು ಸೆಕೆಂಡ್ ಹಾಡು ಬಂದ ಕೂಡಲೇ ಧ್ವನಿ ತಗ್ಗುತ್ತದೆ, ತಜ್ಞರೊಬ್ಬರು ಮಾತು ಶುರುಮಾಡುತ್ತಾರೆ.

“ಬಿಳಿಯರು, ಹೊರಗಿನವರು ಮಾಡಿದ್ದನ್ನ ನೋಡಲೇಬಾರದಾ ಹಾಗಾದ್ರೆ?”

ನೋಡಿ. ಆದರೆ ಬೆಲೆ ಯಾರು ತೆತ್ತರು ಅಂತಲೂ ನೋಡಿ.

ಅಮೆರಿಕದ ಲಯೊನೆಲ್ ರೊಗೊಸಿನ್ 1950ರ ದಶಕದ ಕೊನೆಗೆ ಜೊಹಾನ್ಸ್‌ಬರ್ಗ್‌ಗೆ ಬಂದರು. ಸಂಗೀತದ ಸಿನಿಮಾ ಮಾಡುತ್ತೇನೆ ಅಂತ ಅಧಿಕಾರಿಗಳಿಗೆ ಹೇಳಿದರು. ನಿಜವಾಗಿ ತೆಗೆದದ್ದು ವರ್ಣಭೇದದ ಕೆಳಗೆ ಕರಿಯರು ಬದುಕುವ ಬಗೆಯನ್ನು. ಅದೇ 1959ರ ‘ಕಮ್ ಬ್ಯಾಕ್, ಆಫ್ರಿಕಾ’. ಅದರಲ್ಲಿ ಹೆಂಡದ ಮನೆಯ ಒಂದು ದೃಶ್ಯವಿದೆ. ಕರಿಯ ಬುದ್ಧಿಜೀವಿಗಳು ಕೂತು ಹರಟುತ್ತಿರುತ್ತಾರೆ. ಒಬ್ಬ ಹುಡುಗಿ ಒಳಗೆ ಬರುತ್ತಾಳೆ, ಎರಡು ಹಾಡು ಹಾಡುತ್ತಾಳೆ. ಆಕೆ ಮಿರಿಯಂ ಮಕೇಬಾ. ಕೆಲವೇ ನಿಮಿಷ. ರೊಗೊಸಿನ್ ಆಕೆಯನ್ನು ವೆನಿಸ್ ಚಿತ್ರೋತ್ಸವಕ್ಕೆ ಕರೆಸಿಕೊಂಡರು. ಅಲ್ಲಿಂದ ಲಂಡನ್, ನ್ಯೂಯಾರ್ಕ್, ಲೋಕಪ್ರಸಿದ್ಧಿ.

1960ರಲ್ಲಿ ತಾಯಿ ತೀರಿಕೊಂಡರು. ಮಕೇಬಾ ಊರಿಗೆ ಹೊರಟಾಗ ಪಾಸ್‌ಪೋರ್ಟ್ ರದ್ದಾಗಿರುವುದು ಗೊತ್ತಾಯಿತು. ಅಮ್ಮನ ಮಣ್ಣಿಗೂ ಹೋಗಲಾಗಲಿಲ್ಲ. 1963ರಲ್ಲಿ ವಿಶ್ವಸಂಸ್ಥೆಯಲ್ಲಿ ವರ್ಣಭೇದದ ವಿರುದ್ಧ ಮಾತಾಡಿದ ಮೇಲೆ ಪೌರತ್ವವೂ ಹೋಯಿತು. ತಾಯ್ನಾಡಿಗೆ ಮರಳಿದ್ದು 1990ರಲ್ಲಿ. ರೊಗೊಸಿನ್ ಪ್ರಾಮಾಣಿಕ ಮನುಷ್ಯ, ಸಿನಿಮಾ ದೊಡ್ಡದು. ಆದರೂ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೋಗುವ ದಾರಿ ಅವರಿಗೆ ತೆರೆದಿತ್ತು. ಮಕೇಬಾಗೆ ಮುಚ್ಚಿತು. ಹೊರಗಿನವರ ಸಿನಿಮಾ ನೋಡುವಾಗ ಈ ಲೆಕ್ಕ ತಲೆಯಲ್ಲಿರಲಿ ಅನ್ನುವುದಷ್ಟೇ ನನ್ನ ಮಾತು.

ಇನ್ನು ನೋಟದ ವಿಷಯ. 1965ರಲ್ಲಿ ಸೆನೆಗಲ್‌ನ ನಿರ್ದೇಶಕ ಉಸ್ಮಾನ್ ಸೆಂಬೆನ್ ಜಾನ್ ರೂಶ್ ಎದುರೇ ಹೇಳಿದರು: ನೀವು ನಮ್ಮನ್ನು ಹುಳುಗಳನ್ನು ನೋಡಿದ ಹಾಗೆ ನೋಡುತ್ತೀರಿ. ಸಫೀ ಫಾಯ್ ಅದೇ ರೂಶ್ ಸಿನಿಮಾದಲ್ಲಿ ನಟಿಸಿ, ಆಮೇಲೆ ತಮ್ಮದೇ ದಾರಿ ಹಿಡಿದರು. ಅವರ ಸಿನಿಮಾದಲ್ಲಿ ಹಳ್ಳಿಯವರು ಅವರ ಬಂಧುಗಳು. ಅಜ್ಜ ಇದ್ದಾರೆ, ಮಾತು ಅವರದೇ ಭಾಷೆಯಲ್ಲಿದೆ. 1982ರಲ್ಲಿ ವಿಯೆಟ್ನಾಂ ಮೂಲದ ಟ್ರಿನ್ ಮಿನ್-ಹಾ ಸೆನೆಗಲ್‌ನ ಹಳ್ಳಿ ಹೆಂಗಸರನ್ನು ತೆಗೆದ ‘ರಿಅಸೆಂಬ್ಲೇಜ್’ನಲ್ಲಿ ಇನ್ನೊಂದು ದಾರಿ ಹುಡುಕಿದರು. ಅವರ ಬಗ್ಗೆ ಮಾತಾಡದೆ ಅವರ ಪಕ್ಕದಲ್ಲಿ ನಿಂತು ಮಾತಾಡುವುದು. ಹೊರಗಿನವರಿಗೆ ಇದಕ್ಕಿಂತ ಮರ್ಯಾದೆಯ ದಾರಿ ನನಗೆ ಕಂಡಿಲ್ಲ.

“ಮಡಕೆ ಮಾಡೋರು, ಗೋಡೆಗೆ ಬಣ್ಣ ಹಚ್ಚೋರು, ಜಡೆ ಹೆಣೆಯೋರು ಎಲ್ಲ ಕಲಾವಿದೆಯರಾ? ಅದು ಕರಕುಶಲ ಅಲ್ವಾ?”

ಈ ಪ್ರಶ್ನೆಯೇ ಎಷ್ಟೋ ಜನರ ಹೆಸರು ಅಳಿಸಿಹಾಕಿದೆ. ವಸಾಹತು ಕಾಲದ ಮ್ಯೂಸಿಯಂಗಳಲ್ಲಿ ಮಡಕೆಯ ಕೆಳಗೆ ಬುಡಕಟ್ಟಿನ ಹೆಸರು ಬರೆಯುತ್ತಿದ್ದರು. ಮಾಡಿದ ಹೆಂಗಸಿನ ಹೆಸರು ಕೇಳುತ್ತಲೇ ಇರಲಿಲ್ಲ.

ನೈಜೀರಿಯಾದ ಲಾಡಿ ಕ್ವಾಲಿ ಅದನ್ನು ದಾಟಿ ಬಂದವರು. ಗ್ವಾರಿ ಜನಾಂಗದವರು. ಅಬುಜಾದ ಅಮೀರನ ಅರಮನೆಯಲ್ಲಿ ಇವರ ಮಡಕೆಗಳಿದ್ದವು. ಅವನ್ನು ಅಲ್ಲಿ ಕಂಡದ್ದು ಇಂಗ್ಲೆಂಡಿನ ಮೈಕಲ್ ಕಾರ್ಡ್ಯೂ. ಅವರು ನಡೆಸುತ್ತಿದ್ದ ಕುಂಬಾರಿಕೆ ತರಬೇತಿ ಕೇಂದ್ರಕ್ಕೆ ಲಾಡಿ 1954ರಲ್ಲಿ ಸೇರಿದರು. ಅಲ್ಲಿ ಮೆರುಗು ಮತ್ತು ಹೆಚ್ಚು ಬಿಸಿಯ ಒಲೆಯನ್ನು ಕಲಿತರು. ಆದರೆ ತಮ್ಮ ದೊಡ್ಡ ಮಡಕೆಗಳನ್ನು ಮೊದಲಿನಂತೆ ಮಣ್ಣಿನ ಸುರುಳಿ ಪೇರಿಸಿ ಕೈಯಲ್ಲೇ ಕಟ್ಟಿದರು. ಗ್ವಾರಿ ಕುಂಬಾರ್ತಿಯರ ಪದ್ಧತಿಯಲ್ಲಿ ಮಡಕೆ ತಿರುಗುವುದಿಲ್ಲ, ಹೆಂಗಸು ಮಡಕೆಯ ಸುತ್ತ ನಡೆಯುತ್ತಾಳೆ. ಆಮೇಲೆ ಹಲ್ಲಿ, ಚೇಳು, ಮೀನಿನ ಚಿತ್ರ ಗೀಚುತ್ತಾಳೆ. ಈ ನಡಿಗೆಯನ್ನು ಕತ್ತರಿಸದೆ ತೋರಿಸಿದರೆ ಅದೊಂದೇ ಸಾಕು, ‘ಕರಕುಶಲವಾ ಕಲೆಯಾ’ ಅಂತ ಕೇಳುವವರಿಗೆ. ಇವತ್ತು ನೈಜೀರಿಯಾದ 20 ನೈರಾ ನೋಟಿನ ಹಿಂಬದಿಯಲ್ಲಿ ಲಾಡಿ ಕ್ವಾಲಿ ತಮ್ಮ ಮಡಕೆಯ ಜೊತೆ ಇದ್ದಾರೆ.

ಜಡೆಯ ವಿಷಯಕ್ಕೆ ಬಂದರೆ ನೈಜೀರಿಯಾದ ಛಾಯಾಗ್ರಾಹಕ ಒಜೈಕೆರೆ ನೆನಪಾಗುತ್ತಾರೆ. 1968ರಿಂದ ಹತ್ತಾರು ವರ್ಷ ತಮ್ಮ ದೇಶದ ಹೆಂಗಸರ ತಲೆಗೂದಲ ವಿನ್ಯಾಸಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದರು. ಸುಮಾರು ಸಾವಿರ ವಿನ್ಯಾಸಗಳು. ದೊಡ್ಡ ಕೆಲಸ. ಫೋಟೊಗಳಿಗೆ ಆ ವಿನ್ಯಾಸದ ಹೆಸರಿದೆ, ಕೆಳಗೆ ಫೋಟೊ ತೆಗೆದವರ ಹೆಸರಿದೆ. ಗಂಟೆಗಟ್ಟಲೆ ಕೂತು ಹೆಣೆದವಳ ಹೆಸರಿಲ್ಲ. ಕ್ಯಾಮೆರೂನ್ ಮೂಲದ ರೋಸೀನ್ ಎಂಬಾಕಮ್ ಅವರ 2018ರ ‘ಶೇ ಜೋಲಿ ಕುವಾಫ್ಯೂರ್’ ಈ ಸಾಲವನ್ನು ತೀರಿಸಿದ ಹಾಗಿದೆ. ಬ್ರಸೆಲ್ಸ್‌ನ ಮತೊಂಗೆ ಬಡಾವಣೆಯ ಒಂದು ಇಕ್ಕಟ್ಟಾದ ಸಲೂನ್. ಸಬೀನ್ ಎಂಬ ಹೆಂಗಸು ಹೆಣೆಯುತ್ತಲೇ ತನ್ನ ವಲಸೆಯ ಕಥೆ ಹೇಳುತ್ತಾಳೆ. ಕೈ ನಿಲ್ಲುವುದೇ ಇಲ್ಲ. ಹೊರಗೆ ಹೋಗುವ ಪ್ರವಾಸಿಗರು ಗಾಜಿನಾಚೆಯಿಂದ ಇಣುಕುತ್ತಾರೆ. ಕ್ಯಾಮೆರಾ ಒಳಗಡೆ ಇರುವುದರಿಂದ ನಾವು ಇಣುಕುವವರನ್ನು ನೋಡುತ್ತೇವೆ.

ದಕ್ಷಿಣ ಆಫ್ರಿಕಾದ ಎಂಡಬೆಲೆ ಜನಾಂಗದ ಗೋಡೆ ಚಿತ್ರಗಳ ಎಸ್ತರ್ ಮಲಾಂಗು ಬಗ್ಗೆಯೂ ಒಂದು ಮಾತು. ಅಮ್ಮ, ಅಜ್ಜಿಯಿಂದ ಕಲಿತ ಕಲೆ. 1989ರಲ್ಲಿ ಪ್ಯಾರಿಸ್‌ನ ಪ್ರದರ್ಶನಕ್ಕೆ ಹೋದರು, 1991ರಲ್ಲಿ ಬಿಎಂಡಬ್ಲ್ಯು ಕಾರಿಗೆ ಬಣ್ಣ ಬರೆದರು. ಇವರ ಬಗ್ಗೆ ಬಂದ ಟಿವಿ ತುಣುಕುಗಳಲ್ಲಿ ಕಾರೇ ಜಾಸ್ತಿ ಹೊಳೆಯುತ್ತದೆ.

“ಫೇಲಾ ಕುಟಿ ಸಿನಿಮಾದಲ್ಲಿ ಹಿಂದೆ ಕುಣಿಯೋ ಅಷ್ಟೊಂದು ಹೆಂಗಸರು ಯಾರು?”

ಫೇಲಾ ನೈಜೀರಿಯಾದ ಹೆಸರಾದ ಸಂಗೀತಗಾರ. ಆ ಹೆಂಗಸರು ಅವರ ತಂಡದ ಗಾಯಕಿಯರು, ನರ್ತಕಿಯರು. 1978ರಲ್ಲಿ ಫೇಲಾ ಒಂದೇ ದಿನ 27 ಹೆಂಗಸರನ್ನು ಮದುವೆಯಾದರು. ಅಂದಿನಿಂದ ಸಿನಿಮಾಗಳೂ ಲೇಖನಗಳೂ ಅವರನ್ನು ‘ಹೆಂಡತಿಯರು’ ಅಂತಲೇ ಕರೆದವು. ಒಬ್ಬನ 27 ಹೆಂಡತಿಯರು ಅನ್ನುವುದು ಕುತೂಹಲದ ಸುದ್ದಿಯಾಯಿತು. ಅವರ ಮುಖದ ಬಣ್ಣ, ಹೆಜ್ಜೆ, ಕೋರಸ್ ಇಲ್ಲದೆ ಆ ಸಂಗೀತ ಆ ರೂಪದಲ್ಲಿ ಇರುತ್ತಲೇ ಇರಲಿಲ್ಲ. 1982ರ ‘ಮ್ಯೂಸಿಕ್ ಈಸ್ ದ ವೆಪನ್’ ನೋಡುವಾಗ ಒಂದು ಸಲ ಫೇಲಾರನ್ನು ಬಿಟ್ಟು ಹಿಂದಿನ ಸಾಲನ್ನೇ ನೋಡಿ. ಬೇರೆಯೇ ಸಿನಿಮಾ ಕಾಣುತ್ತದೆ.

“ಮಾತಿಗೆ ಸಬ್‌ಟೈಟಲ್ ಇರುತ್ತೆ, ಹಾಡಿಗೆ ಇರಲ್ಲ. ಯಾಕೆ?”

ಹಾಡನ್ನು ‘ವಾತಾವರಣ’ ಅಂದುಕೊಳ್ಳುವುದರಿಂದ. ಅವಳ ಕಷ್ಟ ನಮಗೆ ಅರ್ಥವಾಗಬೇಕು, ಅವಳ ಕವಿತೆ ಅರ್ಥವಾಗದಿದ್ದರೂ ನಡೆಯುತ್ತದೆ ಅನ್ನುವ ಧೋರಣೆ. ಹಾಡಿನ ಹಕ್ಕು, ಅನುವಾದದ ಖರ್ಚು ಅಂತ ನೆಪ ಹೇಳುತ್ತಾರೆ. ಗಾಯಕಿಯ ಸಿನಿಮಾದಲ್ಲಿ ಹಾಡಿನ ಸಾಹಿತ್ಯಕ್ಕೆ ದುಡ್ಡಿಲ್ಲ ಅಂದರೆ ಬಜೆಟ್ ಹಾಕಿದ್ದೇ ತಪ್ಪು.

ಇನ್ನೂ ಆಳದ ಪ್ರಶ್ನೆಗಳು

“ಕೆಲವು ಸಿನಿಮಾದಲ್ಲಿ ನಟನೆ ಇದೆ, ಕಥೆ ಇದೆ. ಅದನ್ನ ಸಾಕ್ಷ್ಯಚಿತ್ರ ಅಂತ ಹೇಗೆ ಕರೀತೀರಿ?”

ಅಲ್ಜೀರಿಯಾದ ಅಸಿಯಾ ಜೆಬಾರ್ ಈ ಪ್ರಶ್ನೆಗೆ ಒಳ್ಳೆಯ ಉತ್ತರ. ಅವರು ಹೆಸರಾದ ಕಾದಂಬರಿಕಾರ್ತಿ, ಬರೆಯುತ್ತಿದ್ದದ್ದು ಫ್ರೆಂಚ್‌ನಲ್ಲಿ. 1960ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ ಪುಸ್ತಕ ಪ್ರಕಟಿಸಲಿಲ್ಲ. ಆ ಕಾಲದಲ್ಲಿ ಟಿವಿಗಾಗಿ ಸಿನಿಮಾ ಮಾಡಿದರು. ತಾಯಿಯ ಕಡೆಯ ಊರಾದ ಶೆನುವಾ ಬೆಟ್ಟದ ಸೀಮೆಗೆ ಹೋಗಿ, ಸ್ವಾತಂತ್ರ್ಯ ಯುದ್ಧವನ್ನು ಕಂಡ ಮುದುಕಿಯರ ಮಾತನ್ನು ಅವರ ಆಡುನುಡಿಯಲ್ಲೇ ದಾಖಲಿಸಿದರು. ಜೊತೆಗೆ ಲೈಲಾ ಎಂಬ ಕಲ್ಪಿತ ಪಾತ್ರ ಊರೂರು ಸುತ್ತುತ್ತಾಳೆ. ‘ಶೆನುವಾ ಬೆಟ್ಟದ ಹೆಂಗಸರ ನೂಬಾ’ ಅಂತ ಹೆಸರು. ನೂಬಾ ಅಂದರೆ ಆಂಡಲೂಸಿಯನ್ ಪರಂಪರೆಯ, ಹಲವು ಭಾಗಗಳಿರುವ ಸಂಗೀತ ಕೃತಿ. ಸಿನಿಮಾವನ್ನೂ ಅದೇ ಕ್ರಮದಲ್ಲಿ ಕಟ್ಟಿದ್ದಾರೆ. 1913ರಲ್ಲಿ ಅಲ್ಜೀರಿಯಾಕ್ಕೆ ಬಂದು ಜನಪದ ಸಂಗೀತ ಸಂಗ್ರಹಿಸಿದ್ದ ಹಂಗೇರಿಯ ಬೇಲಾ ಬಾರ್ಟಾಕ್‌ಗೂ, ಜುಲೈಖಾ ಎಂಬ ಹೋರಾಟಗಾರ್ತಿಗೂ ಅರ್ಪಿಸಿದ್ದಾರೆ. 1979ರಲ್ಲಿ ವೆನಿಸ್‌ನಲ್ಲಿ ವಿಮರ್ಶಕರ ಬಹುಮಾನ ಬಂತು.

ಇದನ್ನು ಬರೀ ಸಂದರ್ಶನಗಳಲ್ಲಿ ಮುಗಿಸಬಹುದಿತ್ತು. ಆದರೆ ಎಷ್ಟೋ ಹೆಂಗಸರಿಗೆ ಕ್ಯಾಮೆರಾ ಮುಂದೆ ನೇರವಾಗಿ ಎಲ್ಲ ಹೇಳುವುದು ಆಗುವುದಿಲ್ಲ. ಕಲ್ಪಿತ ಪಾತ್ರ ಒಂದು ಮರೆ ಕೊಡುತ್ತದೆ. ಸಫೀ ಫಾಯ್ ಕೂಡ ‘ಕದ್ದು ಬೇಕತ್’ನಲ್ಲಿ ಒಂದು ಪುಟ್ಟ ಪ್ರೇಮಕಥೆ ಇಟ್ಟರು. ಮದುವೆಗೆ ದುಡ್ಡಿಲ್ಲದ ಹುಡುಗ ಪಟ್ಟಣಕ್ಕೆ ಹೋಗುತ್ತಾನೆ. ಸುತ್ತ ಇರುವ ಹೊಲ, ಚರ್ಚೆ, ಸಾಲ ಎಲ್ಲ ನಿಜ. ನನ್ನ ಮಟ್ಟಿಗೆ ಇವು ಸಾಕ್ಷ್ಯಚಿತ್ರಗಳೇ.

“ಹಳೇ ಫೂಟೇಜ್ ಹಾಕಿ ಸಿನಿಮಾ ಮಾಡೋದು ಸುಲಭ ಅಲ್ವಾ? ಯೂಟ್ಯೂಬ್‌ನಲ್ಲೇ ಎಷ್ಟೊಂದಿದೆ.”

ಯೂಟ್ಯೂಬ್‌ನಲ್ಲಿ ಇರುವುದೆಲ್ಲ ನಮ್ಮದಲ್ಲ. ಹಕ್ಕು ಇರುವುದು ಟಿವಿ ಕಂಪನಿಗಳ ಹತ್ತಿರ. ಅವು ನಿಮಿಷಕ್ಕೋ ಸೆಕೆಂಡಿಗೋ ಇಷ್ಟು ಅಂತ ದುಡ್ಡು ಕೇಳುತ್ತವೆ. ಮಕೇಬಾ ದೇಶಭ್ರಷ್ಟರಾಗಿ ಹಾಡಿದ್ದು ಅಮೆರಿಕದಲ್ಲಿ, ಗಿನಿಯಲ್ಲಿ, ಯುರೋಪಿನ ಸ್ಟುಡಿಯೊಗಳಲ್ಲಿ. ಆ ವರ್ಷಗಳ ದೃಶ್ಯ ದಕ್ಷಿಣ ಆಫ್ರಿಕಾದ ಹುಡುಗಿಯೊಬ್ಬಳಿಗೆ ಬೇಕಾದರೆ ಬೇರೆ ದೇಶದಿಂದ ಕೊಳ್ಳಬೇಕು. ಫಿನ್ಲೆಂಡಿನ ಮಿಕಾ ಕೌರಿಸ್ಮಾಕಿ ‘ಮಾಮಾ ಆಫ್ರಿಕಾ’ವನ್ನು ಮಕೇಬಾ ಜೊತೆಗೇ ಮಾಡಬೇಕೆಂದಿದ್ದರು. 2008ರ ನವೆಂಬರ್‌ನಲ್ಲಿ ಇಟಲಿಯಲ್ಲಿ ಕಛೇರಿ ಮುಗಿಸಿದ ಮೇಲೆ ಅವರು ತೀರಿಕೊಂಡರು. 2011ರಲ್ಲಿ ಬಂದ ಸಿನಿಮಾ ಹಳೆಯ ದೃಶ್ಯ ಮತ್ತು ಒಡನಾಡಿಗಳ ನೆನಪಿನ ಮೇಲೆ ನಿಂತಿದೆ. ಕೇಪ್ ವರ್ಡ್‌ನ ಗಾಯಕಿ ಸೆಸಾರಿಯಾ ಎವೊರಾ ಬಗ್ಗೆ 2022ರಲ್ಲಿ ಬಂದ ಸಿನಿಮಾದ ಜೀವವೂ ಹಳೆಯ ದೃಶ್ಯಗಳಲ್ಲೇ ಇದೆ.

ಸಿನಿಮಾಗಳೇ ಹಾಳಾಗುವ ಕಷ್ಟ ಬೇರೆ. ನಿರ್ದೇಶಕಿ ಸಾರಾ ಮಾಲ್ಡೊರೊರ್ ಅವರ 1972ರ ‘ಸಾಂಬಿಜಾಂಗಾ’ದ ಹೊಸ ಪ್ರತಿ ಬಂದದ್ದು 2021ರಲ್ಲಿ, ಅವರು ಕೋವಿಡ್‌ನಿಂದ ತೀರಿಕೊಂಡ ಮರುವರ್ಷ. ಸಫೀ ಫಾಯ್ ಅವರ 1979ರ ‘ಫಾದ್ಜಾಲ್’ ಮಾತ್ರ ಅವರು ಬದುಕಿದ್ದಾಗಲೇ, 2018ರಲ್ಲಿ, ಕಾನ್ ಉತ್ಸವದಲ್ಲಿ ಮತ್ತೆ ಕಂಡಿತು.

“ಈಗ ಪರಿಸ್ಥಿತಿ ಬದಲಾಗಿದೆಯಾ? ದುಡ್ಡು, ಬಹುಮಾನ ಹೆಂಗಸರಿಗೆ ಸಿಗ್ತಿದೆಯಾ?”

ಸ್ವಲ್ಪ. 2024ರಲ್ಲಿ ನಿರ್ದೇಶಕಿ ಮಾತಿ ಡಿಯೋಪ್ ಅವರ ‘ದಹೋಮೆ’ ಬರ್ಲಿನ್ ಚಿತ್ರೋತ್ಸವದ ದೊಡ್ಡ ಬಹುಮಾನ ‘ಚಿನ್ನದ ಕರಡಿ’ ಗೆದ್ದಿತು. ಫ್ರಾನ್ಸ್ ಬೆನಿನ್‌ಗೆ ಮರಳಿಸಿದ 26 ರಾಜವಸ್ತುಗಳ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ ಅದು. ಆದರೆ ಆಫ್ರಿಕಾದ್ದೇ ದೊಡ್ಡ ಉತ್ಸವ ಬುರ್ಕಿನಾ ಫಾಸೊದ ಫೆಸ್ಪಾಕೊ. 1969ರಲ್ಲಿ ಶುರುವಾಯಿತು. ಅದರ ದೊಡ್ಡ ಬಹುಮಾನ ಕುದುರೆ ಏರಿದ ವೀರ ರಾಜಕುಮಾರಿ ಯೆನ್ನೆಂಗಾಳ ಹೆಸರಿನಲ್ಲಿದೆ. 2025ರ ಉತ್ಸವದವರೆಗೂ ಒಬ್ಬ ನಿರ್ದೇಶಕಿಗೂ ಅದು ಸಿಕ್ಕಿಲ್ಲ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ದುಡ್ಡಿನ ಕಡೆ, ನೈರೋಬಿಯಲ್ಲಿ ಜೂಡಿ ಕಿಬಿಂಗೆ ಕಟ್ಟಿದ ‘ಡಾಕ್ಯುಬಾಕ್ಸ್’ ಪೂರ್ವ ಆಫ್ರಿಕಾದ ಸಾಕ್ಷ್ಯಚಿತ್ರಕಾರರಿಗೆ ಅಲ್ಲಿಂದಲೇ ನೆರವು ಕೊಡುತ್ತದೆ. ಆಮ್‌ಸ್ಟರ್‌ಡ್ಯಾಂ, ಟೊರಾಂಟೊ ಉತ್ಸವಗಳ ನಿಧಿಗಳೂ ಇವೆ. ಹೊರಗಿನ ನಿಧಿ ಬೇಡ ಅನ್ನುವುದಿಲ್ಲ. ಆದರೆ ಅರ್ಜಿಯಲ್ಲಿ ‘ಈ ಸಿನಿಮಾದಿಂದ ಸಮಾಜಕ್ಕೆ ಏನು ಬದಲಾವಣೆ’ ಅಂತ ಕೇಳಿದ ಕೂಡಲೇ ಚಿತ್ರಕಲಾವಿದೆ ಹಿಂದೆ ಸರಿದು ಸಂತ್ರಸ್ತೆ ಮುಂದೆ ಬರುತ್ತಾಳೆ. ಬಣ್ಣದ ಬಗ್ಗೆ ಮಾತ್ರ ಇರುವ ಸಿನಿಮಾಕ್ಕೂ ದುಡ್ಡು ಸಿಗುವಂತಾಗಬೇಕು.

“ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರು ಇದರಲ್ಲಿ ಬರ್ತಾರಾ?”

ಅವರು ಆಫ್ರಿಕಾ ಮೂಲದ ಕನ್ನಡಿಗರು. ‘ಆಫ್ರಿಕಾದ ಕಲಾವಿದೆಯರು’ ಅಂತ ಸುಮ್ನೆ ಅವರಿಗೆ ಹೆಸರು ಅಂಟಿಸಬೇಡಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕವಂದಿ, ಅಂದರೆ ಹಳೆಯ ಬಟ್ಟೆಯ ತುಂಡು ಸೇರಿಸಿ ಹೊಲಿಯುವ ಕೌದಿ, ಒಂದು ದೊಡ್ಡ ಕಲೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ತ್ರಿಕೋನದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ‘ಫೂಲ’ ಮಾಡುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಬಗ್ಗೆ ಕೆಲಸ ಮಾಡಿದ್ದಾರೆ. ಆದರೆ ಸಿದ್ದಿಗಳ ಬಗ್ಗೆ ಬರುವ ವಿಡಿಯೊಗಳಲ್ಲಿ ‘ಕಾಡಿನಲ್ಲಿ ಆಫ್ರಿಕಾ’ ಅನ್ನುವ ಬೆರಗೇ ಜಾಸ್ತಿ, ಹೊಲಿಗೆ ಕಮ್ಮಿ. ಕೌದಿಯ ಬಗ್ಗೆ ಸಿನಿಮಾ ಮಾಡುವ ಮನಸ್ಸಿದ್ದರೆ ಅವರ ಜೊತೆ ಕನ್ನಡದಲ್ಲೇ ಮಾತಾಡಬಹುದು. ಆ ಅನುಕೂಲ ಬೇರೆ ಯಾವ ದೇಶದ ನಿರ್ದೇಶಕರಿಗೂ ಇಲ್ಲ.

“ನಾನೇ ಒಬ್ಬ ಕಲಾವಿದೆ ಬಗ್ಗೆ ಸಿನಿಮಾ ಮಾಡ್ತಿದೀನಿ. ಎಡಿಟ್ ಆದ್ಮೇಲೆ ಅವರಿಗೆ ತೋರಿಸ್ಬೇಕಾ? ಬೇಡ ಅಂದಿದ್ದನ್ನ ತೆಗೀಬೇಕಾ?”

ತೋರಿಸಲೇಬೇಕು, ಅದೂ ಉತ್ಸವಕ್ಕೆ ಕಳಿಸುವ ಮೊದಲು. ಆಕೆಯ ಮನೆ, ಮಕ್ಕಳು, ಆರೋಗ್ಯ, ಹಳೆಯ ನೋವಿನ ವಿಷಯದಲ್ಲಿ ಬೇಡ ಅಂದರೆ ತೆಗೆಯಿರಿ, ವಾದ ಮಾಡಬೇಡಿ. ಆಕೆಯ ಕಲೆಯ ಬಗ್ಗೆ ನಿಮ್ಮ ಅಭಿಪ್ರಾಯ ಆಕೆಗೆ ಹಿಡಿಸದಿದ್ದರೆ ಅದು ಬೇರೆ ಮಾತು. ಅಲ್ಲಿ ಕೂತು ಚರ್ಚೆ ಮಾಡಿ, ಕೊನೆಯ ತೀರ್ಮಾನ ನಿಮ್ಮದು. ಚಿತ್ರೀಕರಣಕ್ಕೆ ಮೊದಲೇ ಈ ಎರಡನ್ನೂ ಬರೆದು ಇಬ್ಬರೂ ಸಹಿ ಹಾಕಿ. ಆಕೆ ಕೆಲಸ ಬಿಟ್ಟು ನಿಮಗೆ ಕೊಟ್ಟ ದಿನಗಳಿಗೆ ದುಡ್ಡು ಕೊಡಿ. ಆಕೆಯ ಹಾಡು, ಚಿತ್ರ, ವಿನ್ಯಾಸದ ಹಕ್ಕು ಆಕೆಯದೇ ಅಂತ ಬರೆಯಿರಿ. ಪೋಸ್ಟರ್ ಮೇಲೆ ನಿಮ್ಮ ಹೆಸರಿರುವ ಅಳತೆಯಲ್ಲೇ ಆಕೆಯ ಹೆಸರೂ ಇರಲಿ. ಕಚ್ಚಾ ಫೂಟೇಜಿನ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕ್‌ನಲ್ಲಿ ಹಾಕಿ ಆಕೆಗೆ ಕೊಟ್ಟುಬಿಡಿ.